ಇಬಿ ಗ್ಯಾರಮಂಡ್: ಓದೋ ಪುಸ್ತಕಕ್ಕೆ ಇದಕ್ಕಿಂತ ಒಳ್ಳೇ ಫ್ರೀ ಫಾಂಟ್ ನಾನು ಕಂಡಿಲ್ಲ

ಕನ್ನಡ ಪುಸ್ತಕದ ಪೇಜ್ ಮಾಡೋರಿಗೆ ಒಂದು ತಲೆನೋವು ಇದ್ದೇ ಇರತ್ತೆ. ಪುಸ್ತಕ ಪೂರ್ತಿ ಕನ್ನಡದ್ದೇ ಆದ್ರೂ ಒಳಗೆ ಎಲ್ಲೋ ಇಂಗ್ಲಿಷ್ ಬಂದೇ ಬರತ್ತೆ, ಅಡಿಟಿಪ್ಪಣಿಲಿ, ಗ್ರಂಥಸೂಚಿಲಿ, ಕಾಪಿರೈಟ್ ಪುಟದಲ್ಲಿ, ಸಂಶೋಧನೆ ಪುಸ್ತಕ ಆದ್ರಂತೂ ಪ್ಯಾರಾಗಟ್ಟಲೆ ಇಂಗ್ಲಿಷ್ ಕೊಟೇಶನ್, ಆಗ ಹೆಚ್ಚಿನವ್ರು ಕಂಪ್ಯೂಟರಲ್ಲಿ ಮೊದಲೇ ಇರೋ ಟೈಮ್ಸ್ ನ್ಯೂ ರೋಮನ್ನೇ ಬಿಟ್ಟು ಮುಂದೆ ಹೋಗ್ಬಿಡ್ತಾರೆ. ಟೈಮ್ಸ್ ಕೆಟ್ಟ ಫಾಂಟ್ ಏನಲ್ಲ, ಆದ್ರೆ ಅದು 1932ರಲ್ಲಿ ಲಂಡನ್ನಿನ ಒಂದು ದಿನಪತ್ರಿಕೆಗೆ ಅಂತ ಮಾಡಿದ್ದು, ಇಕ್ಕಟ್ಟಾದ ಕಾಲಂನಲ್ಲಿ ಜಾಸ್ತಿ ಪದ ಹಿಡಿಸೋದು ಅದರ ಕೆಲಸ, ದುಂಡು ದುಂಡಾಗಿ ಅಗಲವಾಗಿ ಕೂತ ಕನ್ನಡ ಅಕ್ಷರದ ಪಕ್ಕ ಅದು ಉಸಿರು ಬಿಗಿಹಿಡಿದು ನಿಂತ ಹಾಗೆ ಕಾಣತ್ತೆ. ನಾನು ಕೆಲವು ವರ್ಷದಿಂದ ಈ ಜಾಗಕ್ಕೆ ಹಾಕ್ತಾ ಇರೋದು ಇಬಿ ಗ್ಯಾರಮಂಡ್. ದುಡ್ಡು ಕೊಡ್ಬೇಕಾಗಿಲ್ಲ, ಗೂಗಲ್ ಫಾಂಟ್ಸ್‌ನಲ್ಲಿ ಸಿಗತ್ತೆ, ಪುಸ್ತಕ ಮಾರಾಟಕ್ಕೆ ಇದ್ರೂ ಹಾಕ್ಬಹುದು. ಸರಿಯಾದ ಸೈಜಲ್ಲಿ ಹಾಕಿದ್ರೆ ದುಡ್ಡು ಕೊಟ್ಟು ತಗೊಳೋ ಫಾಂಟ್‌ಗಳ ಸಾಲಲ್ಲಿ ಧೈರ್ಯವಾಗಿ ಕೂರತ್ತೆ. "ಸರಿಯಾದ ಸೈಜಲ್ಲಿ" ಅಂದೆ ನೋಡಿ, ಈ ರಿವ್ಯೂನಲ್ಲಿ ನಾನು ಸುತ್ತಿ ಬಳಸಿ ಹೇಳೋದು ಅದನ್ನೇ.

ಮೊದಲು ಅಕ್ಷರ ಹೇಗಿದೆ ಅಂತ ಹೇಳ್ಬಿಡ್ತೀನಿ. ಸೆರಿಫ್ ಅಂದ್ರೆ ಅಕ್ಷರದ ಗೆರೆ ಮುಗಿಯೋ ಕಡೆ ಬರೋ ಸಣ್ಣ ಪಾದ, ಇದ್ರಲ್ಲಿ ಆ ಪಾದಗಳು ಸ್ಕೇಲ್ ಇಟ್ಟು ಎಳೆದ ಹಾಗೆ ಸಪಾಟಾಗಿಲ್ಲ, ಬಿ, ಡಿ, ಎಚ್ ತರದ ಅಕ್ಷರಗಳ ನೆತ್ತಿ ಮೇಲೆ ಓರೆಯಾಗಿ ಬರತ್ತೆ, ಅಗಲ ಮೂತಿಯ ಪೆನ್ನನ್ನ ವಾರೆ ಹಿಡಿದು ಬರೆದ್ರೆ ಹೇಗೆ ಬರತ್ತೋ ಹಾಗೆ. ಓ ಅಕ್ಷರ ನೋಡಿ, ಅದರ ದಪ್ಪ ಭಾಗ ಎಡ ಬಲಕ್ಕೆ ಸರಿಯಾಗಿ ಇಲ್ಲ, ಸ್ವಲ್ಪ ಎಡಕ್ಕೆ ವಾಲಿದೆ. ದಪ್ಪ ಗೆರೆಗೂ ತೆಳು ಗೆರೆಗೂ ವ್ಯತ್ಯಾಸ ಇದೆ ಆದ್ರೆ ಬೊಡೋನಿ ಅನ್ನೋ ಫಾಂಟ್ ತರ ಕಣ್ಣು ಕುಕ್ಕೋ ಅಷ್ಟಿಲ್ಲ. ಸಣ್ಣ ಎ ಅಕ್ಷರದ ಹೊಟ್ಟೆ ಪುಟ್ಟದು, ಸಣ್ಣ ಇ ಅಕ್ಷರದ ಕಣ್ಣು ಇನ್ನೂ ಪುಟ್ಟದು, ಅಡ್ಡಗೆರೆ ಮೇಲಕ್ಕೆ ಹೋಗಿದೆ. ಎಲ್, ಎಚ್, ಬಿ ಇವೆಲ್ಲ ಕ್ಯಾಪಿಟಲ್ ಅಕ್ಷರಕ್ಕಿಂತ್ಲೂ ಸ್ವಲ್ಪ ಎತ್ತರಕ್ಕೆ ಹೋಗ್ತವೆ, ಅದಕ್ಕೇ ಒಂದು ಸಾಲಲ್ಲಿ ಕ್ಯಾಪಿಟಲ್‌ಗಳು ಕೂಗಾಡಲ್ಲ, ಹೆಸರುಗಳೇ ತುಂಬಿರೋ ಇತಿಹಾಸದ ಪುಸ್ತಕಕ್ಕೆ ಇದು ಎಷ್ಟು ಅನುಕೂಲ ಅಂದ್ರೆ ಒಂದು ಪುಟ ಟೈಮ್ಸ್‌ನಲ್ಲಿ ಒಂದು ಪುಟ ಇದ್ರಲ್ಲಿ ಪ್ರಿಂಟ್ ತೆಗೆದು ದೂರ ಹಿಡಿದು ನೋಡಿದ್ರೆ ಸಾಕು, ಟೈಮ್ಸ್ ಪುಟದಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣತ್ತೆ, ಇದ್ರಲ್ಲಿ ಪುಟ ಪೂರ್ತಿ ಒಂದೇ ಹದದ ಬೂದು ಬಣ್ಣ.

ಕ್ಯಾಪಿಟಲ್ ಕ್ಯೂನ ಬಾಲ, ಆರ್‌ನ ಮುಂದಕ್ಕೆ ಚಾಚಿದ ಕಾಲು, ಇವೆರಡು ನನಗೆ ತುಂಬ ಇಷ್ಟ. ಇಟ್ಯಾಲಿಕ್ ಅಂದ್ರೆ ಓರೆ ಅಕ್ಷರದ ಬಗ್ಗೆ ಆಮೇಲೆ ಹೇಳ್ತೀನಿ, ಅದು ಬೇರೆಯವ್ರ ಕೈಕೆಲಸ.

ಈ ಫಾಂಟ್ ಎಲ್ಲಿಂದ ಬಂತು ಅಂತ ಗೊತ್ತಿದ್ರೆ ಯಾಕೆ ಹೀಗಿದೆ ಅಂತ ಅರ್ಥ ಆಗತ್ತೆ. ಕ್ಲೋದ್ ಗರಮೋಂ ಅಂತ 16ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಅಚ್ಚುಮೊಳೆ ಕೊರೀತಿದ್ದ ಒಬ್ಬ ಮನುಷ್ಯ, ಗ್ಯಾರಮಂಡ್ ಅನ್ನೋದು ಅವನ ಹೆಸರೇ, 1561ರಲ್ಲಿ ತೀರಿಕೊಂಡ. ಅವನಿಗೆ ಮಾದರಿ ಇದ್ದಿದ್ದು ವೆನಿಸ್‌ನಲ್ಲಿ ಆಲ್ಡಸ್ ಮನೂಷಿಯಸ್ ಪ್ರೆಸ್‌ಗೆ ಫ್ರಾಂಚೆಸ್ಕೊ ಗ್ರಿಫೊ 1495ರ ಹೊತ್ತಿಗೆ ಕೊರೆದ ಅಕ್ಷರಗಳು. ಆ ಕಾಲದ ಕೆಲಸ ಹೇಗೆ ಅಂದ್ರೆ ಉಕ್ಕಿನ ಸಣ್ಣ ಕಡ್ಡಿ ತುದೀಲಿ ಒಂದೊಂದೇ ಅಕ್ಷರಾನ ತಿರುಗುಮುರುಗಾಗಿ ಕೈಯಲ್ಲಿ ಕೊರೀಬೇಕು, ಅದನ್ನ ತಾಮ್ರಕ್ಕೆ ಹೊಡೆದು ಗುಳಿ ಮಾಡ್ಬೇಕು, ಆ ಗುಳೀಲಿ ಸೀಸದ ಮಿಶ್ರಲೋಹ ಎರಕ ಹೊಯ್ದು ಮೊಳೆ ತೆಗೀಬೇಕು. ಮುಖ್ಯ ಮಾತು ಏನಂದ್ರೆ ಒಂದು ಸೈಜಿಗೆ ಒಂದು ಸೆಟ್ ಬೇರೇನೇ ಕೊರೀಬೇಕಿತ್ತು, ಇವತ್ತಿನ ತರ ಒಂದೇ ಅಕ್ಷರಾನ ಮೌಸ್‌ನಲ್ಲಿ ಎಳೆದು ದೊಡ್ಡದು ಚಿಕ್ಕದು ಮಾಡೋದು ಇರ್ಲಿಲ್ಲ. ಹಾಗಾಗಿ ಕೊರೆಯೋನು ಸಣ್ಣ ಸೈಜಿಗೆ ಗೆರೆ ಸ್ವಲ್ಪ ದಪ್ಪ ಇಡ್ತಿದ್ದ, ಅಕ್ಷರದ ಮಧ್ಯೆ ಜಾಗ ಜಾಸ್ತಿ ಬಿಡ್ತಿದ್ದ, ದೊಡ್ಡ ಸೈಜಿಗೆ ಸೂಕ್ಷ್ಮವಾಗಿ ತೆಳ್ಳಗೆ ಮಾಡ್ತಿದ್ದ. ನಮ್ಮ ಕಾಲದ ಡಿಜಿಟಲ್ ಫಾಂಟ್‌ಗಳಲ್ಲಿ ಕಳೆದುಹೋಗಿರೋದು ಇದೇ.

ಗರಮೋಂ ಸತ್ತ ಮೇಲೆ ಅವನ ಸಾಮಾನು ಹಂಚಿಹೋಯ್ತು. ಒಂದಿಷ್ಟನ್ನ ಆಂಟ್‌ವರ್ಪ್‌ನ ಪ್ರಿಂಟರ್ ಕ್ರಿಸ್ತೋಫ್ ಪ್ಲಾಂಟಿನ್ ಕೊಂಡ, ಅವನ ಮನೆ, ಪ್ರೆಸ್ಸು ಈಗ ಪ್ಲಾಂಟಿನ್ ಮೊರೆಟಸ್ ಮ್ಯೂಸಿಯಂ, 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ, ಗರಮೋಂ ಕೊರೆದ ಉಕ್ಕಿನ ಕಡ್ಡಿಗಳು ಈಗ್ಲೂ ಅಲ್ಲಿವೆ. ಇನ್ನೊಂದಿಷ್ಟು ಫ್ರಾಂಕ್‌ಫರ್ಟ್‌ಗೆ ಹೋಯ್ತು, ಅಲ್ಲಿ ಎಗೆನಾಲ್ಫ್ ಮನೆತನದ ಮೊಳೆ ಎರಕದ ಫೌಂಡ್ರಿ, ಅದನ್ನ ನಡೆಸ್ತಿದ್ದ ಕೊನ್ರಾಡ್ ಬರ್ನರ್ 1592ರಲ್ಲಿ ತನ್ನ ಹತ್ರ ಇರೋ ಮೊಳೆಗಳನ್ನೆಲ್ಲ ತೋರಿಸೋ ಒಂದು ಮಾದರಿ ಹಾಳೆ ಪ್ರಿಂಟ್ ಮಾಡ್ದ, ಮಾತ್ರ ಅಲ್ಲ, ಇದು ಗರಮೋಂದು, ಇದು ರೊಬೇರ್ ಗ್ರಾಂಜೋಂದು ಅಂತ ಕೊರೆದವ್ರ ಹೆಸರನ್ನೂ ಹಾಕ್ದ. ಆ ಕಾಲದಲ್ಲಿ ಹಾಗೆ ಹೆಸರು ಹಾಕ್ತಿದ್ದವ್ರು ಕಮ್ಮಿ. ಇವತ್ತು ಯಾವುದು ನಿಜವಾದ ಗರಮೋಂ ಅಕ್ಷರ ಅಂತ ಹೇಳೋಕೆ ಆ ಹಾಳೆ ಒಂದು ದೊಡ್ಡ ಆಧಾರ. ಇಬಿ ಅಂದ್ರೆ ಎಗೆನಾಲ್ಫ್-ಬರ್ನರ್, ಆಸ್ಟ್ರಿಯಾದ ಗೆಯೋರ್ಗ್ ಡುಫ್ನರ್ ಆ ಹಾಳೇನ ಮುಂದಿಟ್ಕೊಂಡು ಈ ಫಾಂಟ್ ಶುರು ಮಾಡಿದ್ರು, ಅಕ್ಷರ ಗರಮೋಂದು, ಇಟ್ಯಾಲಿಕ್ ಗ್ರಾಂಜೋಂದು. ಮೊದಲಿಂದ್ಲೂ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ, ಆಮೇಲೆ ಒಕ್ತಾವಿಯೋ ಪಾರ್ದೊ ಅನ್ನೋರು ಅದಕ್ಕೆ ಬೋಲ್ಡ್, ಮೀಡಿಯಂ ಎಲ್ಲ ಸೇರಿಸಿ ಪೂರ್ತಿ ಕುಟುಂಬ ಮಾಡಿದ್ರು. ಇಂಥ ಕೆಲಸಾನ ದುಡ್ಡು ಕೇಳದೆ ಕೊಟ್ಟಿದ್ದಾರಲ್ಲ, ಆ ಇಬ್ಬರಿಗೂ ನಮಸ್ಕಾರ ಹೇಳ್ಲೇಬೇಕು.

ಇಲ್ಲಿ ಒಂದು ಗೊಂದಲ ಬಿಡಿಸ್ಬೇಕು. "ನಮ್ಮ ಕಂಪ್ಯೂಟರಲ್ಲಿ ಆಗ್ಲೇ ಗ್ಯಾರಮಂಡ್ ಇದೆಯಲ್ಲ" ಅಂತ ತುಂಬ ಜನ ಕೇಳ್ತಾರೆ. ಎಂಎಸ್ ಆಫೀಸ್ ಜತೆ ಬರೋದು ಮೋನೋಟೈಪ್ ಅನ್ನೋ ಕಂಪನಿಯ ಗ್ಯಾರಮಂಡ್, ಅದರ ಮೂಲ ಗರಮೋಂ ಅಲ್ಲವೇ ಅಲ್ಲ, ಸುಮಾರು ಅರವತ್ತು ವರ್ಷ ಆದ್ಮೇಲೆ ಸೆಡಾನ್ ಅನ್ನೋ ಊರಲ್ಲಿದ್ದ ಜ್ಯಾನ್ ಜಾನೋಂ ಅನ್ನೋನ ಕೆಲಸ, 1621ರ ಅವನ ಮಾದರಿ ಪುಸ್ತಕದಲ್ಲಿ ಅದು ಇದೆ. ಫ್ರಾನ್ಸ್ ಸರ್ಕಾರಿ ಮುದ್ರಣಾಲಯದಲ್ಲಿ ಅದು ಗರಮೋಂ ಹೆಸರಲ್ಲೇ ಉಳ್ಕೊಂಡಿತ್ತು, 20ನೇ ಶತಮಾನದ ಶುರುವಲ್ಲಿ ಕಂಪನಿಗಳು ಅದನ್ನೇ ನಂಬಿ ಗ್ಯಾರಮಂಡ್ ಅಂತ ಫಾಂಟ್ ಮಾಡಿ ಮಾರಿದ್ರು. 1926ರಲ್ಲಿ ಬಿಯಾಟ್ರಿಸ್ ವಾರ್ಡ್ ಅನ್ನೋ ಹೆಣ್ಣುಮಗಳು ಪಾಲ್ ಬೋಜೋಂ ಅಂತ ಗಂಡಸಿನ ಹೆಸರಿಟ್ಕೊಂಡು ಲೇಖನ ಬರೆದು ಇದು ಜಾನೋಂ ಅಕ್ಷರ ಅಂತ ಸಾಬೀತು ಮಾಡಿದ್ರು. ಪಕ್ಕಪಕ್ಕ ಇಟ್ಟು ನೋಡಿ, ಆಫೀಸ್ ಗ್ಯಾರಮಂಡ್ ಸಣ್ಣ ಸೈಜಲ್ಲಿ ಬಡಕಲು, ಇಟ್ಯಾಲಿಕ್ ಒಂದೊಂದು ಅಕ್ಷರ ಒಂದೊಂದು ಕಡೆ ವಾಲತ್ತೆ, ನನಗೆ ಪುಸ್ತಕಕ್ಕೆ ಅದು ಬೇಡ. ದುಡ್ಡಿರೋರು ಅಡೋಬಿ ಗ್ಯಾರಮಂಡ್ ನೋಡ್ಬಹುದು, ರಾಬರ್ಟ್ ಸ್ಲಿಮ್‌ಬ್ಯಾಕ್ 1989ರಲ್ಲಿ ಮಾಡಿದ್ದು, ಆಮೇಲೆ ಅವರೇ ಮಾಡಿದ ಗ್ಯಾರಮಂಡ್ ಪ್ರೀಮಿಯರ್‌ನಲ್ಲಿ ಹಳೇ ಕಾಲದ ಹಾಗೆ ಬೇರೆ ಬೇರೆ ಸೈಜಿಗೆ ಬೇರೆ ಬೇರೆ ಚಿತ್ರ ಇದೆ, ನಿಜಕ್ಕೂ ಚಂದ. ಆದ್ರೆ ಐನೂರು ಪ್ರತಿ ಹಾಕೋ ಪ್ರಕಾಶಕರಿಗೆ ನಾನು ಅದನ್ನ ತಗೊಳಿ ಅನ್ನಲ್ಲ.

ಈಗ ಸೈಜಿನ ವಿಷಯ. ಗ್ಯಾರಮಂಡ್ ಜಾತಿಯ ಹೆಚ್ಚಿನ ಫಾಂಟ್‌ಗಳು ಅದೇ ಪಾಯಿಂಟ್‌ನಲ್ಲಿ (ಪಾಯಿಂಟ್ ಅಂದ್ರೆ ಅಕ್ಷರದ ಸೈಜಿನ ಅಳತೆ) ಟೈಮ್ಸ್‌ಗಿಂತ ಚಿಕ್ಕದಾಗಿ ಕಾಣ್ತವೆ, ಯಾಕಂದ್ರೆ ಎಕ್ಸ್, ಎ, ಓ ತರದ ಸಣ್ಣ ಅಕ್ಷರಗಳ ಎತ್ತರ ಕಮ್ಮಿ. 2014ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ 14 ವರ್ಷದ ಶಾಲಾ ಹುಡುಗನೊಬ್ಬ ಸರ್ಕಾರಿ ಕಾಗದ ಪತ್ರ ಎಲ್ಲ ಗ್ಯಾರಮಂಡ್‌ನಲ್ಲಿ ಪ್ರಿಂಟ್ ಮಾಡಿದ್ರೆ ಇಂಕಿನ ಖರ್ಚಲ್ಲಿ ಕೋಟ್ಯಂತರ ಡಾಲರ್ ಉಳಿಯತ್ತೆ ಅಂತ ಲೆಕ್ಕ ಹಾಕಿ ದೊಡ್ಡ ಸುದ್ದಿ ಆಗಿತ್ತು, ಟೈಪ್ ಗೊತ್ತಿರೋರು ತಕ್ಷಣ ಹೇಳಿದ್ದು ಒಂದೇ, ಅಕ್ಷರಾನೇ ಚಿಕ್ಕದು ಅದಕ್ಕೆ ಇಂಕು ಕಮ್ಮಿ, ಓದೋಕೆ ಅಷ್ಟೇ ಸಲೀಸಾಗಿರ್ಲಿ ಅಂತ ಸೈಜ್ ಏರಿಸಿದ್ರೆ ಉಳಿತಾಯಾನೂ ಅದರ ಜತೆಗೇ ಹೋಗತ್ತೆ. ಹುಡುಗನ ಪ್ರಯತ್ನ ಒಳ್ಳೇದೇ, ಆದ್ರೆ ಆ ಉತ್ತರ ನಮಗೆ ಕೆಲಸಕ್ಕೆ ಬರತ್ತೆ. ಟೈಮ್ಸ್ 11ರಲ್ಲಿ ಹಾಕ್ತಿದ್ರೆ ಇಬಿ ಗ್ಯಾರಮಂಡ್ 12ರಲ್ಲಿ ಹಾಕಿ. ಡೆಮಿ 1/8 ಸೈಜಿನ ಪೂರ್ತಿ ಇಂಗ್ಲಿಷ್ ಪುಸ್ತಕ ಆದ್ರೆ ನಾನು 11.5 ಅಕ್ಷರಕ್ಕೆ 14.5 ಸಾಲಿನ ಅಂತರ ಇಡ್ತೀನಿ, ವಯಸ್ಸಾದ ಓದುಗರು ಜಾಸ್ತಿ ಅಂದ್ರೆ 12.5ಕ್ಕೆ 16. 10ಕ್ಕಿಂತ ಕೆಳಗೆ ಇಳಿಸ್ಬೇಡಿ, ಅಡಿಟಿಪ್ಪಣಿ ಆದ್ರೂ ಸರಿ.

ದೊಡ್ಡ ಸೈಜಿನ ಕಥೆ ಇದರ ಉಲ್ಟಾ. ಇಬಿ ಗ್ಯಾರಮಂಡ್ ಓದೋ ಸೈಜಿನ ಅಕ್ಷರ ನೋಡಿ ಬರೆದದ್ದು, ಅದನ್ನ 60 ಪಾಯಿಂಟ್‌ಗೆ ಏರಿಸಿ ಮುಖಪುಟಕ್ಕೆ ಹಾಕಿದ್ರೆ ಸ್ವಲ್ಪ ಗಟ್ಟಿ, ಸ್ವಲ್ಪ ಮೊಂಡು ಅನ್ಸತ್ತೆ. ಮುಖಪುಟಕ್ಕೆ, ಮದುವೆ ಕಾರ್ಡಿನ ಹೆಸರಿಗೆ, ಅಂಗಡಿ ಲೋಗೋಗೆ ಕಾರ್ಮೊರಂಟ್ ಅಂತ ಇನ್ನೊಂದು ಫ್ರೀ ಫಾಂಟ್ ಇದೆ, ಕ್ರಿಸ್ಟಿಯನ್ ಥಾಲ್ಮನ್ ಮಾಡಿದ್ದು, ಅದೂ ಗರಮೋಂ ಪ್ರೇರಣೇನೇ, ದೊಡ್ಡ ಸೈಜಿಗೆ ಅಂತ್ಲೇ ಕೂದಲೆಳೆ ಗೆರೆ ಇಟ್ಟು ಬರೆದದ್ದು. ನಮ್ಮಲ್ಲಿ ಆಗ್ತಿರೋದು ಏನಂದ್ರೆ ಇವೆರಡರ ಜಾಗ ಅದಲು ಬದಲು, ಕಾರ್ಮೊರಂಟ್ ನೋಡೋಕೆ ಎಲಿಗೆಂಟ್ ಅಂತ ವೆಬ್‌ಸೈಟಿನ ಪ್ಯಾರಾಗಟ್ಟಲೆ ಬರಹಕ್ಕೆ ಅದನ್ನ ಹಾಕಿ ಯಾರೂ ಓದೋಕೆ ಆಗದ ಹಾಗೆ ಮಾಡಿರ್ತಾರೆ, ಹೆಡಿಂಗ್‌ಗೆ ಇಬಿ ಗ್ಯಾರಮಂಡ್ ಬೋಲ್ಡ್ ಜಡಿದಿರ್ತಾರೆ. ಸುಮ್ನೆ ತಿರುಗಿಸಿ ಹಾಕಿ ನೋಡಿ, ಪುಟದ ಕಳೇನೇ ಬದಲಾಗತ್ತೆ.

ಬೋಲ್ಡ್ ಅಂದಾಗ ಹೇಳ್ತೀನಿ, 1592ರಲ್ಲಿ ಬೋಲ್ಡ್ ಅನ್ನೋದೇ ಇರ್ಲಿಲ್ಲ, ಓದೋ ಅಕ್ಷರಕ್ಕೆ ಜತೆಯಾಗಿ ದಪ್ಪ ಅಕ್ಷರ ಬಂದದ್ದು 19ನೇ ಶತಮಾನದಲ್ಲಿ. ಹಾಗಾಗಿ ಇಲ್ಲಿರೋ ಬೋಲ್ಡ್, ಎಕ್ಸ್‌ಟ್ರಾ ಬೋಲ್ಡ್ ಎರಡೂ ಇವತ್ತಿನವ್ರ ಕಲ್ಪನೆ, ಕೆಲಸ ಅಚ್ಚುಕಟ್ಟಾಗೇ ಇದೆ, ಆದ್ರೆ ನನ್ನ ಕಣ್ಣಿಗೆ ಒಗ್ಗಲ್ಲ. ಉಪಶೀರ್ಷಿಕೆಗೆ ಬೋಲ್ಡ್ ಬದಲು ಸ್ಮಾಲ್ ಕ್ಯಾಪ್ಸ್ ಹಾಕಿ, ಅಂದ್ರೆ ಸಣ್ಣಕ್ಷರದ ಎತ್ತರಕ್ಕೇ ಬರೆದ ಕ್ಯಾಪಿಟಲ್‌ಗಳು, ಅದು ಫಾಂಟ್ ಒಳಗೇ ಇದೆ, ಪುಟ ಜೋಡಿಸೋ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಓಪನ್‌ಟೈಪ್ ಮೆನುಗೆ ಹೋಗಿ ಆನ್ ಮಾಡ್ಬೇಕು. ಅಕ್ಷರದ ಮಧ್ಯೆ ಚೂರು ಜಾಗ ಬಿಟ್ರೆ ಅದಕ್ಕಿಂತ ಗಂಭೀರವಾದ ಹೆಡಿಂಗ್ ಇನ್ನೊಂದಿಲ್ಲ. ಅದೇ ಮೆನುಲಿ ಹಳೇ ಶೈಲಿ ಅಂಕಿಗಳೂ ಇವೆ, ಸಾಲಲ್ಲಿ ಮೇಲೆ ಕೆಳಗೆ ಇಳಿದು ಅಕ್ಷರದ ಜತೆ ಬೆರೆಯೋ ಅಂಕಿಗಳು, ಇಸವಿಗಳು ಜಾಸ್ತಿ ಬರೋ ಪುಸ್ತಕಕ್ಕೆ ಅವು ಬೇಕೇ ಬೇಕು. ಟೇಬಲ್ ಇದ್ರೆ ಮಾತ್ರ ಒಂದೇ ಎತ್ತರದ ಅಂಕಿ ಹಾಕಿ. ಎಫ್ ಮತ್ತು ಐ ಸೇರಿ ಒಂದಾಗೋ ಲಿಗೇಚರ್‌ಗಳನ್ನ ಆಫ್ ಮಾಡ್ಬೇಡಿ.

ಇಟ್ಯಾಲಿಕ್ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ. ಗ್ರಾಂಜೋಂ ಕೈಬರಹದ ಚುರುಕು ಇದ್ರಲ್ಲಿದೆ, ನೆಟ್ಟಗಿರೋ ಅಕ್ಷರಾನ ಓರೆ ಮಾಡಿದ್ದಲ್ಲ, ಅಕ್ಷರದ ಆಕಾರಾನೇ ಬೇರೆ, ಅಗಲ ಕಮ್ಮಿ, ಓಟ ಜಾಸ್ತಿ. ಪುಸ್ತಕದ ಹೆಸರುಗಳಿಗೆ, ಕವನದ ಅರ್ಪಣೆಗೆ, ಆಮಂತ್ರಣದ ಒಕ್ಕಣೆಗೆ ತುಂಬ ಚಂದ. ಆ್ಯಂಪರ್‌ಸ್ಯಾಂಡ್ (& ಗುರುತು) ಇಟ್ಯಾಲಿಕ್‌ನದ್ದೇ ತಗೊಂಡು ನೆಟ್ಟಗಿನ ಸಾಲಿಗೆ ಹಾಕಿ ನೋಡಿ, ಎರಡು ಹೆಸರಿನ ಮಧ್ಯೆ ಅದೊಂದೇ ಅಲಂಕಾರ ಸಾಕಾಗತ್ತೆ.

ಕನ್ನಡದ ಜತೆ ಹೇಗೆ ಅನ್ನೋದು ನಮಗೆ ಮುಖ್ಯ. ಇದ್ರಲ್ಲಿ ಗ್ರೀಕ್ ಇದೆ, ಸಿರಿಲಿಕ್ ಇದೆ, ಕನ್ನಡ ಇಲ್ಲ, ಜೋಡಿ ನಾವೇ ಹುಡುಕ್ಬೇಕು. ಕನ್ನಡ ಇಂಗ್ಲಿಷ್ ಒಂದೇ ಪುಟದಲ್ಲಿ ಹೊಂದಿಸೋ ಕಷ್ಟ ಹಳೇದು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನವ್ರು ಕಿಟ್ಟೆಲ್ ನಿಘಂಟನ್ನ ಅಚ್ಚು ಮಾಡಿದಾಗ ಮೊಳೆ ಜೋಡಿಸೋರು ಪ್ರತಿ ಸಾಲಲ್ಲೂ ಎರಡು ಲಿಪಿ ಕೂರಿಸಿದ್ದಾರೆ. ನಾನು ಪ್ರಯತ್ನ ಮಾಡಿದ್ರಲ್ಲಿ ಒಗ್ಗಿದ್ದು ಎರಡು, ಟೀರೊ ಕನ್ನಡ ಮತ್ತು ನೋಟೊ ಸೆರಿಫ್ ಕನ್ನಡ. ಟೀರೊದ ಗೆರೇಲಿ ದಪ್ಪ ತೆಳು ಹದ ಗ್ಯಾರಮಂಡ್‌ಗೆ ತುಂಬ ಹತ್ರ, ಹಳೇ ಮೊಳೆ ಅಕ್ಷರದ ನೆನಪು ತರೋ ದುಂಡು ಅದರಲ್ಲಿದೆ, ಆದ್ರೆ ಬೋಲ್ಡ್ ಇಲ್ಲ. ನೋಟೊದಲ್ಲಿ ಎಲ್ಲ ತೂಕವೂ ಇದೆ, ಅಂದ್ರೆ ತೆಳುವಿಂದ ದಪ್ಪದವರೆಗೆ, ಹಾಗಾಗಿ ಹೆಡಿಂಗ್ ಜಾಸ್ತಿ ಇರೋ ಪುಸ್ತಕಕ್ಕೆ ಅದು. ಯಾವುದೇ ಹಾಕಿ, ಎರಡಕ್ಕೂ ಒಂದೇ ಪಾಯಿಂಟ್ ಕೊಡ್ಬೇಡಿ. ಕನ್ನಡ 11 ಇದ್ರೆ ಗ್ಯಾರಮಂಡ್ 12 ಅಥವಾ 12.5, ತಲೆಕಟ್ಟಿನ ಎತ್ತರಕ್ಕೂ ಇಂಗ್ಲಿಷ್ ಸಣ್ಣಕ್ಷರದ ಎತ್ತರಕ್ಕೂ ಕಣ್ಣಲ್ಲೇ ಹೊಂದಿಸಿ ನೋಡ್ಬೇಕು. ಸಾಲಿನ ಅಂತರ ಒತ್ತಕ್ಷರ ಹೇಳಿದ ಹಾಗೆ ಹೋಗ್ಬೇಕು, "ರಾಷ್ಟ್ರ" "ಸ್ತ್ರೀ" ತರದ ಪದಗಳು ಕೆಳಗಿನ ಸಾಲಿಗೆ ತಾಗದ ಹಾಗೆ ಇಟ್ರೆ ಗ್ಯಾರಮಂಡ್‌ಗೂ ಬೇಕಾದಷ್ಟು ಗಾಳಿ ತಾನಾಗೇ ಸಿಗತ್ತೆ, ಈ ಫಾಂಟ್ ಕನ್ನಡದ ಪಕ್ಕ ಇಷ್ಟು ಚೆನ್ನಾಗಿ ಕೂರೋಕೆ ಅದೂ ಒಂದು ಕಾರಣ, ಎತ್ತರದ ಎಲ್, ಬಿಗಳಿಗೆ ಜಾಗ ಬೇಕಿತ್ತು, ನಮ್ಮ ಒತ್ತಕ್ಷರಗಳಿಂದ ಅದು ಸಿಕ್ತು.

ಇನ್‌ಡಿಸೈನ್‌ನಲ್ಲಿ ಮಾಡೋರಿಗೆ ಒಂದು ಮಾತು, ಕನ್ನಡ ಒತ್ತು ಸರಿ ಬರ್ಬೇಕಂದ್ರೆ ವರ್ಲ್ಡ್ ರೆಡಿ ಕಂಪೋಸರ್ ಆನ್ ಇರ್ಬೇಕು, ಆಮೇಲೆ ಇಂಗ್ಲಿಷ್ ಪದ ಒಂದೊಂದನ್ನೇ ಸೆಲೆಕ್ಟ್ ಮಾಡಿ ಫಾಂಟ್ ಬದಲಾಯಿಸ್ತಾ ಕೂರ್ಬೇಡಿ, ಪ್ಯಾರಾಗ್ರಾಫ್ ಸ್ಟೈಲ್ ಒಳಗೆ ಗ್ರೆಪ್ ಸ್ಟೈಲ್ ಅಂತ ಇದೆ, ರೋಮನ್ ಅಕ್ಷರ ಎಲ್ಲಿ ಕಂಡ್ರೂ ಈ ಕ್ಯಾರೆಕ್ಟರ್ ಸ್ಟೈಲ್ ಹಾಕು ಅಂತ ಒಂದು ಸಲ ಹೇಳಿಟ್ರೆ ಇಡೀ ಪುಸ್ತಕಕ್ಕೆ ತಾನೇ ಹಾಕತ್ತೆ, ಸೈಜ್ ವ್ಯತ್ಯಾಸಾನೂ ಅಲ್ಲೇ ಕೊಡ್ಬಹುದು. ಇದು ಯೂನಿಕೋಡ್ ಬರಹಕ್ಕೆ ಮಾತ್ರ, ಹಳೇ ನುಡಿ ಆಸ್ಕಿ ಫೈಲ್ ಆದ್ರೆ ಕಂಪ್ಯೂಟರಿಗೆ ಕನ್ನಡ ಇಂಗ್ಲಿಷ್ ಬೇರೆ ಬೇರೆ ಅಂತ ಗೊತ್ತೇ ಆಗಲ್ಲ, ಮೊದಲು ಕನ್ವರ್ಟ್ ಮಾಡ್ಕೊಳಿ. ವರ್ಡ್‌ನಲ್ಲಿ ಆದ್ರೆ ಫಾಂಟ್ ಡಬ್ಬಿಲಿ ಲ್ಯಾಟಿನ್‌ಗೆ ಒಂದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಒಂದು ಅಂತ ಎರಡು ಜಾಗ ಇರತ್ತೆ, ಸೈಜೂ ಬೇರೆ ಬೇರೆ ಕೊಡ್ಬಹುದು, ಎಷ್ಟೋ ಜನ ಅದನ್ನ ನೋಡಿರೋದೇ ಇಲ್ಲ.

ಹಳಗನ್ನಡ, ಶಾಸನ, ಸಂಸ್ಕೃತ ಇವುಗಳ ಬಗ್ಗೆ ಇಂಗ್ಲಿಷಲ್ಲಿ ಬರೆಯೋರಿಗೆ ಇನ್ನೊಂದು ದೊಡ್ಡ ಲಾಭ, ಮೇಲೆ ಗೆರೆ ಇರೋ ದೀರ್ಘ ಎ, ಕೆಳಗೆ ಚುಕ್ಕೆ ಇರೋ ಟಿ, ಡಿ, ಎನ್, ಎಲ್ ಎಲ್ಲ ಇದ್ರಲ್ಲಿ ಸರಿಯಾಗಿ ಬರೆದಿಟ್ಟಿದ್ದಾರೆ. ಬೇರೆ ಫಾಂಟಲ್ಲಿ ಆ ಅಕ್ಷರ ಇಲ್ದೇ ಕಂಪ್ಯೂಟರ್ ಎಲ್ಲಿಂದಲೋ ತಂದು ತುರುಕಿ ಪದದ ಮಧ್ಯೆ ಒಂದು ಅಕ್ಷರ ಮಾತ್ರ ಅನಾಥವಾಗಿ ನಿಂತಿರೋದನ್ನ ಸಂಶೋಧನಾ ಗ್ರಂಥಗಳಲ್ಲಿ ನೋಡಿ ನೋಡಿ ಬೇಜಾರಾಗಿದೆ.

ಪ್ರಿಂಟ್ ವಿಷಯಕ್ಕೆ ಬಂದ್ರೆ ಕಾಗದ ನೋಡಿ ಅಕ್ಷರದ ತೂಕ ಆರಿಸಿ. ಮ್ಯಾಪ್ಲಿತೋ ಕಾಗದದಲ್ಲಿ ಆಫ್‌ಸೆಟ್ ಆದ್ರೆ ರೆಗ್ಯುಲರ್ ಸಾಕು, ಇಂಕು ಚೂರು ಹರಡಿ ಗೆರೆ ತುಂಬ್ಕೊಳತ್ತೆ. ಡಿಜಿಟಲ್ ಪ್ರಿಂಟಲ್ಲಿ ನೂರಿನ್ನೂರು ಪ್ರತಿ ಮಾಡ್ಸೋದಾದ್ರೆ ಮೀಡಿಯಂ ಹಾಕಿ, ಇಲ್ಲಾಂದ್ರೆ ಸೊರಗಿದ ಹಾಗೆ ಕಾಣತ್ತೆ. ಕಾರ್ಡಿಗೆ ಚಿನ್ನದ ಫಾಯಿಲ್ ಅಥವಾ ಸ್ಕ್ರೀನ್ ಪ್ರಿಂಟ್ ಅಂದ್ರೆ ಮೀಡಿಯಂ ಅಥವಾ ಸೆಮಿಬೋಲ್ಡ್, ತೆಳು ಗೆರೆ ಫಾಯಿಲಲ್ಲಿ ಹರಿದುಹೋಗತ್ತೆ. ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರಕ್ಕೂ ಇದೇ ಮಾತು. ಪೇಪರಿನ ಜಾಹೀರಾತು, ಬಸ್ಸಿನ ಬೋರ್ಡು, ಔಷಧದ ಲೇಬಲ್ಲು, ಮೊಬೈಲ್ ಆ್ಯಪಿನ ಬಟನ್ನು ಇದಕ್ಕೆಲ್ಲ ಈ ಫಾಂಟ್ ಬೇಡವೇ ಬೇಡ, ದೂರದಿಂದ ಅಥವಾ ಅವಸರದಲ್ಲಿ ಓದೋ ಜಾಗ ಇದರದ್ದಲ್ಲ.

ವೆಬ್‌ನಲ್ಲಿ ಲೇಖನದ ಬರಹಕ್ಕೆ ಹಾಕಿ, ಆದ್ರೆ 16 ಪಿಕ್ಸೆಲ್ ಸಾಲಲ್ಲ, 19 ಅಥವಾ 20 ಇಡಿ. ಫಾಂಟ್ ಫ್ಯಾಮಿಲಿ ಪಟ್ಟೀಲಿ ಗ್ಯಾರಮಂಡ್ ಮೊದಲು, ಕನ್ನಡ ಫಾಂಟ್ ಆಮೇಲೆ ಬರೆದ್ರೆ ಬ್ರೌಸರೇ ಅಕ್ಷರ ನೋಡಿ ಆರಿಸ್ಕೊಳತ್ತೆ. ವೆಬ್ ಪುಟದ ರೂಪ ಹೇಳೋ ಸಿಎಸ್‌ಎಸ್‌ನಲ್ಲಿ ಸೈಜ್ ಅಡ್ಜಸ್ಟ್ ಅಂತ ಒಂದು ಸೌಲಭ್ಯ ಇದೆ, ಕನ್ನಡ ಫಾಂಟನ್ನ 92 ಪರ್ಸೆಂಟ್ ಹತ್ರ ಇಟ್ಟು ನೋಡಿ, ಸಾಲು ಒಂದಕ್ಕೊಂದು ಹೊಂದ್ಕೊಳತ್ತೆ.

ಲೈಸೆನ್ಸ್ ಓಪನ್ ಫಾಂಟ್ ಲೈಸೆನ್ಸ್, ಪುಸ್ತಕ, ಪಿಡಿಎಫ್, ಇ-ಬುಕ್, ಆ್ಯಪ್ ಎಲ್ಲದರಲ್ಲೂ ಸೇರಿಸ್ಬಹುದು, ಫಾಂಟೊಂದನ್ನೇ ಬಿಡಿಯಾಗಿ ಮಾರೋ ಹಾಗಿಲ್ಲ ಅಷ್ಟೇ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಮ್ಮಿ ಯಾಕಂದ್ರೆ ಡುಫ್ನರ್ ಶುರುವಲ್ಲಿ 8 ಪಾಯಿಂಟ್‌ಗೆ ಅಂತ ಬೇರೆ ಚಿತ್ರ ಮಾಡಿದ್ರು, ಗೂಗಲ್‌ನಲ್ಲಿ ಸಿಗೋ ಕುಟುಂಬದಲ್ಲಿ ಅದು ಬಂದಿಲ್ಲ, ಅಡಿಟಿಪ್ಪಣಿಗೆ ಅದು ಸಿಕ್ಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಫಾಂಟ್ ಬಿಲ್ಡ್ ಮಾಡೋ ಕೆಲಸ ಗೊತ್ತಿರೋ ಹುಡುಗ ಹುಡುಗೀರು ಯಾರಾದ್ರೂ ಇದನ್ನ ಓದ್ತಿದ್ರೆ ಆ ಮೂಲ ಫೈಲುಗಳನ್ನ ತೆಗೆದು ನೋಡಿ, ಮುಂದುವರಿಸೋಕೆ ಲೈಸೆನ್ಸಲ್ಲಿ ಅಡ್ಡಿ ಇಲ್ಲ.